ದಾರಿ ಬಿಡಿ ಎನ್ನಲು ಬಾಯಿ ಬೇಕು

ಹೋರಿ ಅಖಾಡದಲ್ಲಿ ಕಾಮೆಂಟ್ರಿ ಹೇಳುವವನಿಗೆ ಬೇಕಾದ ಸಾಮಾನು ಎರಡೇ. ಒಂದು ಮೈಕು, ಇನ್ನೊಂದು ಬಾಯಿ. ಮೈಕನ್ನು ಸೌಂಡ್ ಸಿಸ್ಟಮ್‌ನವರು ತರುತ್ತಾರೆ. ಬಾಯಿಯನ್ನು ನಾವೇ ಮನೆಯಿಂದ ತರಬೇಕು. ಆ ಸಲ ನಾನು ಅದನ್ನು ತರಲಾಗದೆ ಹೋದೆ.

ಈ ಆಟ ಗೊತ್ತಿಲ್ಲದವರಿಗೆ ಎರಡು ಮಾತು. ನಮ್ಮ ಶಿಕಾರಿಪುರ, ಸೊರಬದ ಕಡೆ ದೀಪಾವಳಿ ಮುಗಿದದ್ದೇ ತಡ, ಊರೂರಲ್ಲಿ ಹೋರಿ ಬೆದರಿಸುವ ಹಬ್ಬ ಶುರುವಾಗುತ್ತದೆ. ಹೋರಿಯ ಕೊರಳಿಗೆ ಒಣಕೊಬ್ಬರಿ ಹಾರ, ಕೋಡಿಗೆ ಬಲೂನು, ಬೆನ್ನಿಗೆ ಜೂಲ. ಎರಡೂ ಬದಿಗೆ ಜನ, ನಡುವೆ ಓಣಿಯಷ್ಟು ದಾರಿ. ಓಡಿ ಬರುವ ಹೋರಿಯ ಕೊರಳಿಂದ ಹುಡುಗರು ಕೊಬ್ಬರಿ ಹರಿಯಬೇಕು, ಹೋರಿ ಅದಕ್ಕೆ ಆಸ್ಪದ ಕೊಡದೆ ದಾಟಿಹೋಗಬೇಕು. ನಾನು ಅಟ್ಟಣಿಗೆಯ ಮೇಲೆ ನಿಂತು ಹೋರಿಯ ಹೆಸರು ಕೂಗುತ್ತೇನೆ, ಒಂದು ಹೋರಿಗೂ ಇನ್ನೊಂದಕ್ಕೂ ನಡುವೆ ಜನರನ್ನು ನಗಿಸುತ್ತೇನೆ, ಹೋರಿ ಬಿಡುವ ಮೊದಲು ದಾರಿ ಬಿಡಿಸುತ್ತೇನೆ. ಜನ ನನ್ನನ್ನು ಕರೆಸುವುದು ಮೊದಲೆರಡು ಕೆಲಸಕ್ಕೆ. ಮೂರನೆಯದು ಸರಿಯಾಗಿ ಆಗದಿದ್ದರೆ ಯಾರದೋ ಪಕ್ಕೆಲುಬು ಮುರಿಯುತ್ತದೆ. ಉಳಿದ ದಿನಗಳಲ್ಲಿ ಆಟೋಕ್ಕೆ ಧ್ವನಿವರ್ಧಕ ಕಟ್ಟಿಕೊಂಡು ಶಿಕಾರಿಪುರದ ಬೀದಿಗಳಲ್ಲಿ ಬಟ್ಟೆ ಅಂಗಡಿಯ ರಿಯಾಯ್ತಿ, ಕರೆಂಟು ಹೋಗುವ ಹೊತ್ತು, ತಪ್ಪಿಸಿಕೊಂಡ ಎಮ್ಮೆ, ಎಲ್ಲವನ್ನೂ ಒಂದೇ ಹುರುಪಿನಲ್ಲಿ ಸಾರುತ್ತೇನೆ. ಒಟ್ಟಿನಲ್ಲಿ ನನಗೆ ಬಾಯೇ ಹೊಲ, ಬಾಯೇ ಅಂಗಡಿ.

ಆ ಅಂಗಡಿಗೆ ಬೀಗ ಬಿದ್ದದ್ದು ದೀಪಾವಳಿಗೆ ಇನ್ನೂ ಕೆಲವು ದಿನ ಇರುವಾಗ. ಬೆಳಿಗ್ಗೆ ಆಟೋದಲ್ಲಿ ಕೂತು 'ಬನ್ನಿ, ಬನ್ನಿ' ಎಂದೆ. ಎರಡನೇ 'ಬನ್ನಿ'ಗೆ ಎಡ ದವಡೆಯ ಮೂಲೆಯಲ್ಲಿ ಯಾರೋ ಕಾದ ಸಲಾಕೆ ಇಟ್ಟಂತಾಯಿತು. ಸಂಜೆಯ ಹೊತ್ತಿಗೆ ಕೆನ್ನೆ ಊದಿತು. ಮರುದಿನ ಇಡ್ಲಿಯನ್ನು ಕಾಗದದ ಹಾಗೆ ತೆಳ್ಳಗೆ ಒತ್ತಿ ತುಟಿಯ ಸಂದಿಯಿಂದ ತೂರಿಸಬೇಕಾಯಿತು. ಅವ್ವ ನೋಡಿ, "ಲವಂಗ ಇಟ್ಕ. ನೋವು ಹೋಗ್ಲಿಲ್ಲಂದ್ರ ಡಾಕ್ಟರ್ ಹತ್ರ ಹೋಗು. ನೀ ಸುಮ್ನಿರೋದು ನೋಡಿದ್ರ ನನಗ ಹೆದರಿಕಿ ಆಗ್ತೈತಿ" ಎಂದಳು.

ಶಿಕಾರಿಪುರದ ಹಲ್ಲಿನ ಡಾಕ್ಟರು ಇಡೀ ದವಡೆ ಒಂದೇ ಸಲ ಕಾಣುವ ಎಕ್ಸ್‌ರೇ ತೆಗೆಸಿ ಬೆಳಕಿಗೆ ಹಿಡಿದರು. ಎಡಗಡೆಯ ಹಲ್ಲುಗಳೆಲ್ಲ ಶಾಲೆಯ ಪ್ರಾರ್ಥನೆಗೆ ನಿಂತ ಮಕ್ಕಳ ಹಾಗೆ ಸಾಲಾಗಿ ನಿಂತಿದ್ದವು. ಕಡೆಯದೊಂದು ಮಾತ್ರ ಮುಂದಿನ ಹಲ್ಲಿಗೆ ತಲೆ ಒರಗಿಸಿ ಅಡ್ಡಡ್ಡ ಮಲಗಿತ್ತು. ನಮ್ಮ ಮನೆಯಲ್ಲಿ ಕೆಲಸದ ಹೊತ್ತಿನಲ್ಲಿ ಮಲಗುವವನು ನಾನೊಬ್ಬನೇ ಎಂದುಕೊಂಡಿದ್ದೆ.

"ಇದು ಬುದ್ಧಿಹಲ್ಲು. ಬರೋಕೆ ಜಾಗ ಇಲ್ಲ. ಅರ್ಧ ಒಸಡಿನೊಳಗೆ, ಅರ್ಧ ಹೊರಗೆ. ಸಂದಿಯಲ್ಲಿ ಅನ್ನ ಸೇರಿ ಕೀವಾಗಿದೆ" ಎಂದರು ಡಾಕ್ಟರು. "ಮೊದಲು ಮಾತ್ರೆ ಕೊಡ್ತೀನಿ, ಬಾವು ಇಳೀಲಿ. ಆಮೇಲೆ ತೆಗೀಬೇಕು."

ಸೊರಬದ ಆಚೆ, ಜಡೆ ಎಂಬ ಊರಿನ ಹತ್ತಿರದ ದೊಡ್ಡ ಅಖಾಡದಲ್ಲಿ ಮೊಟ್ಟಮೊದಲ ಸಲ ಮೈಕು ನನಗೆ ಸಿಕ್ಕಿದೆ ಎಂದು ಹೇಳಿದೆ. ಅಷ್ಟು ವರ್ಷ ಅದು ಸೊರಬದ ಇನ್ನೊಬ್ಬ ಕಾಮೆಂಟ್ರಿಯವನ ಕೈಯಲ್ಲಿತ್ತು. ಹಬ್ಬ ಕಳೆದ ಮೇಲೆ ತೆಗೆಸಿದರೆ ನಡೆಯುತ್ತದೆಯೇ ಎಂದು ಕೇಳಿದೆ.

"ನಡೆಯುತ್ತೆ. ಆದ್ರೆ ಇದು ಮತ್ತೆ ಬಾವು ಬಂದು ಅಖಾಡದಲ್ಲೇ ಬಾಯಿ ಹಿಡಿದ್ರೆ ನನ್ನನ್ನ ಬೈಬೇಡ್ರಿ. ಈಗಲೇ ತೆಗೆಸಿ, ನಾನು ಹೇಳಿದ ಹಾಗೆ ಇದ್ರೆ, ಅಷ್ಟೊತ್ತಿಗೆ ಮಾತು ಸಲೀಸಾಗುತ್ತೆ."

'ನಾನು ಹೇಳಿದ ಹಾಗೆ ಇದ್ರೆ' ಎಂಬ ಮಾತು ಈ ಕಿವಿಯಲ್ಲಿ ಹೊಕ್ಕು ಆ ಕಿವಿಯಲ್ಲಿ ಹೊರಟುಹೋಯಿತು. ತೆಗೆಸುವುದೆಂದು ನಿಶ್ಚಯಿಸಿದೆ.

ಬಾವು ಇಳಿದ ಮೇಲೆ ಕುರ್ಚಿಯಲ್ಲಿ ಮಲಗಿದೆ. ದವಡೆಯ ಹಿಂಬದಿಗೆ ಚುಚ್ಚುಮದ್ದು ಬಿತ್ತು. ಸ್ವಲ್ಪ ಹೊತ್ತಿಗೆ ಕೆಳತುಟಿ ಬೇರೆಯವರದ್ದಾಯಿತು, ಅರ್ಧ ನಾಲಿಗೆ ಅವರ ಜೊತೆಗೇ ಹೋಯಿತು. ನೋವು ತಿಳಿಯುವುದಿಲ್ಲ, ಒತ್ತುವುದು ತಿಳಿಯುತ್ತದೆ, ಸದ್ದು ಕೇಳುತ್ತದೆ ಎಂದು ಮೊದಲೇ ಎಚ್ಚರಿಸಿದ್ದರು. ಒಸಡು ಕೊಯ್ದು ಸರಿಸಿದರು. ಡ್ರಿಲ್ ಶುರುವಾಯಿತು. ಪಕ್ಕದಿಂದ ನೀರು ಚಿಮ್ಮಿಸುತ್ತಿದ್ದರು, ಇನ್ನೊಂದು ನಳಿಗೆ ಅದನ್ನು ಹೀರುತ್ತಿತ್ತು. ಕಟ್ಟಡದ ಕೆಲಸದವರು ನನ್ನ ತಲೆಯೊಳಗೇ ಬೋರ್‌ವೆಲ್ ಕೊರೆಸುತ್ತಿದ್ದಾರೆ ಅನ್ನಿಸಿತು. ಮಲಗಿದ ಹಲ್ಲು ಇಡಿಯಾಗಿ ಮೇಲೆ ಬರುವುದಿಲ್ಲವಂತೆ. ಅದನ್ನು ಎರಡು ತುಂಡು ಮಾಡಿದರು. 'ಟಕ್' ಎಂದು ಸೀಳಿದ ಸದ್ದಿಗೆ ನನ್ನ ಕಾಲು ಎದ್ದು ಸಲಕರಣೆಗಳ ತಟ್ಟೆಗೆ ತಗಲಿತು.

"ಕಾಲಿಗೆ ಇಂಜೆಕ್ಷನ್ ಕೊಟ್ಟಿಲ್ಲ, ಸ್ವಲ್ಪ ಹಿಡ್ಕಳ್ರಿ" ಎಂದರು ಡಾಕ್ಟರು.

ಮೊದಲು ತಲೆಯ ತುಂಡು, ಆಮೇಲೆ ಬೇರಿನ ತುಂಡು. ಸನ್ನೆಕೋಲಿನಂಥ ಉಪಕರಣ ಹಾಕಿ ಮೀಟಿ ತೆಗೆದು ಹೊಲಿಗೆ ಹಾಕಿದರು. ಹತ್ತಿಬಟ್ಟೆಯ ಉಂಡೆಯೊಂದನ್ನು ಕಚ್ಚಿಸಿ ಎದುರು ಕೂರಿಸಿಕೊಂಡು ಮಾತು ಶುರುಮಾಡಿದರು.

"ಈ ಬಟ್ಟೆ ಗಟ್ಟಿಯಾಗಿ ಕಚ್ಚಿ ಹಿಡೀರಿ. ಹಲ್ಲು ಹೋದ ಗುಂಡಿಯಲ್ಲಿ ರಕ್ತ ಹೆಪ್ಪುಗಟ್ಟುತ್ತೆ. ಆ ಹೆಪ್ಪೇ ಮುಚ್ಚಳ. ಅದು ಹೋಯ್ತೋ, ಒಳಗಿನ ಎಲುಬು ಬಯಲಾಗುತ್ತೆ. ಉಗುಳಬೇಡ್ರಿ. ಸ್ಟ್ರಾ ಹಾಕಿ ಎಳನೀರು ಕುಡೀಬೇಡ್ರಿ. ಬೀಡಿ, ಗುಟ್ಕಾ, ಎಲೆಅಡಿಕೆ ಹತ್ತಿರ ಸುಳೀಬೇಡ್ರಿ. ಇವತ್ತು ಐಸ್ ಬಟ್ಟೆಯಲ್ಲಿ ಸುತ್ತಿ ಕೆನ್ನೆಗೆ ಇಡ್ರಿ. ನಾಳೆಯಿಂದ ಉಗುರುಬೆಚ್ಚಗಿನ ಉಪ್ಪುನೀರು ಬಾಯಲ್ಲಿ ತುಂಬ್ಕಂಡು ತಲೆ ವಾಲಿಸಿ ಬಿಟ್ಬಿಡ್ರಿ, ಮುಕ್ಕಳಿಸಿ ಉಗಿಯಂಗಿಲ್ಲ. ನಾಳೆ ನಾಡಿದ್ದು ಬಾವು ಜಾಸ್ತಿಯಾಗುತ್ತೆ, ಹೆದರಬೇಡ್ರಿ, ಆಮೇಲೆ ಇಳಿಯುತ್ತೆ. ಇಳಿಯೋ ಬದಲು ನೋವು ಏರಿದ್ರೆ, ಜ್ವರ ಬಂದ್ರೆ, ರಕ್ತ ನಿಲ್ಲದಿದ್ರೆ ತಕ್ಷಣ ಬರ್ರಿ."

ನಾನು ತಲೆಯಾಡಿಸಿದೆ. ಇಷ್ಟು ಹೊತ್ತು ಇನ್ನೊಬ್ಬರು ಮಾತಾಡಿ ನಾನು ಕೇಳಿಸಿಕೊಂಡದ್ದು ಹುಟ್ಟಿದ ಮೇಲೆ ಅದೇ ಮೊದಲು.

ಮೊದಲೆರಡು ದಿನ ನನ್ನಷ್ಟು ಒಳ್ಳೆಯ ರೋಗಿ ಶಿವಮೊಗ್ಗ ಜಿಲ್ಲೆಯಲ್ಲೇ ಇರಲಿಲ್ಲ. ತಣ್ಣನೆ ರಾಗಿ ಅಂಬಲಿ, ಮಜ್ಜಿಗೆ, ಕಿವುಚಿದ ಬಾಳೆಹಣ್ಣು. ತಲೆಗೆ ಎರಡು ದಿಂಬು. ಕೆನ್ನೆ ಊದಿ ಕನ್ನಡಿಯಲ್ಲಿ ಒಂದು ಕಡೆಯಿಂದ ನಾನು, ಇನ್ನೊಂದು ಕಡೆಯಿಂದ ನಮ್ಮ ಸೋದರಮಾವ ಕಾಣುತ್ತಿದ್ದ. ಅವ್ವ ಉಪ್ಪುನೀರಿನ ಲೋಟ ಹಿಡಿದು ಕಾವಲು ಕೂತಿದ್ದಳು. ಬಾವು ಇಳಿಯುವ ಲಕ್ಷಣವೂ ಕಂಡಿತು. ಆಗ ಜಡೆ ಕಡೆಯಿಂದ ಹಬ್ಬದ ಕಮಿಟಿಯ ಗೌಡರು ಬೈಕಿನಲ್ಲಿ ಬಂದಿಳಿದರು.

ಕಟ್ಟೆಯ ಮೇಲೆ ಕೂತು ಹೋರಿಯ ಹಲ್ಲು ನೋಡಿ ವಯಸ್ಸು ಹೇಳುವವರ ಹಾಗೆ ನನ್ನ ಕೆನ್ನೆಯನ್ನು ನೋಡಿದರು.

"ಬಾಯಿಗೆ ಹೊಲಿಗೆ ಹಾಕಿದಾರೆ ಅಂತ ಸುದ್ದಿ ಬಂತು. ನೋಡ್ಕಂಡು ಹೋಗನ ಅಂತ ಬಂದೆ. ಹೋದ ವರ್ಷ ಬೇರೆ ಊರಲ್ಲಿ ಕೂಗೋದು ಒಂದು ಗಳಿಗೆ ತಡ ಆಗಿ ಒಬ್ರ ಕಾಲು ಹೋತು, ಗೊತ್ತಲ್ಲ? ನಮ್ಮೂರಲ್ಲಿ ಅಂಥದ್ದು ಆಗಬಾರ್ದು. ನಿನ್ನ ಕೈಲಿ ಆಗಲ್ಲ ಅಂದ್ರೆ ಈಗ್ಲೇ ಹೇಳ್ಬಿಡು ತಮ್ಮ, ಬೇಜಾರಿಲ್ಲ. ಸೊರಬದವನ್ನೇ ಕರೀತೀವಿ."

"ಆಗ್ತತಿ ಗೌಡ್ರೆ" ಎಂದೆ. ಹಲ್ಲು ಕಚ್ಚಿ ಹೇಳಿದ್ದರಿಂದ ಶಪಥದ ಹಾಗೆ ಕೇಳಿರಬೇಕು.

"ಅಂಬ್ಲಿ ಕುಡಿಯೋ ದನಿಲಿ ಆಗ್ತತಿ ಅಂದ್ರೆ ಹೆಂಗಪ್ಪ ನಂಬದು?"

ಪ್ರತಿ ಹೋರಿಗೂ ಮೊದಲು ಎರಡು ಬೆರಳಿಟ್ಟು ಒಂದು ಸಿಳ್ಳೆ ಹಾಕುವುದು ನನ್ನ ಗುರುತು. ಆ ಸಿಳ್ಳೆ ಕೇಳಿದರೆ ಇವನೇ ಎಂದು ಹತ್ತೂರಿಗೆ ಗೊತ್ತು. ಮಾತು ಆಡಲು ಬಾಯಿ ತೆರೆಯಬೇಕು, ಸಿಳ್ಳೆಗೆ ಅದೂ ಬೇಡ. ಡಾಕ್ಟರು ಬೇಡವೆಂದದ್ದೆಲ್ಲ ನೆನಪಿಸಿಕೊಂಡೆ. ಉಗುಳು, ಸ್ಟ್ರಾ, ಬೀಡಿ, ಗುಟ್ಕಾ, ಎಲೆಅಡಿಕೆ. ಅದರಲ್ಲಿ ಸಿಳ್ಳೆ ಇರಲಿಲ್ಲ. ಇಷ್ಟು ಚೆನ್ನಾಗಿ ಯೋಚನೆ ಮಾಡಿ ಹಳ್ಳಕ್ಕೆ ಬಿದ್ದವರು ಕಡಿಮೆ. ಬೆರಳಿಟ್ಟೆ, ಊದಿದೆ.

ಸಿಳ್ಳೆ ಅದ್ಭುತವಾಗಿ ಬಂತು. ಬೀದಿಯ ನಾಯಿಗಳು ಎದ್ದು ನಿಂತವು. ಗೌಡರು, "ಸಾಕು ಬಿಡು, ಐತೆ" ಎಂದು ನಕ್ಕರು. ಅದೇ ಹೊತ್ತಿಗೆ ದವಡೆಯ ಮೂಲೆಯಿಂದ ಏನೋ ಮೆತ್ತಗಿನದು ಕಳಚಿ ನಾಲಿಗೆಯ ಮೇಲೆ ಬಂದು ಕೂತಿತು. ಗೌಡರ ಎದುರು ಉಗುಳುವಂತಿರಲಿಲ್ಲ. ನುಂಗಿದೆ. ಜಡೆಯ ಮೈಕು ಉಳಿಯಿತೆಂದು ಅವರನ್ನು ಬೀಳ್ಕೊಟ್ಟೆ.

ಮಾರನೆಯ ದಿನ ಶುರುವಾದದ್ದನ್ನು ನೋವು ಎಂದರೆ ನೋವಿಗೇ ಬೇಸರವಾದೀತು. ದವಡೆಯಿಂದ ಕಿವಿಗೆ, ಕಿವಿಯಿಂದ ತಲೆಗೆ, ಮತ್ತೆ ದವಡೆಗೆ ಒಂದು ಶಟಲ್ ಬಸ್ಸು ಓಡಾಡತೊಡಗಿತು. ಮಾತ್ರೆ ನುಂಗಿದರೆ ಬಸ್ಸು ನಿಧಾನವಾಗುತ್ತಿತ್ತೇ ಹೊರತು ನಿಲ್ಲುತ್ತಿರಲಿಲ್ಲ. ಬಾಯಿಂದ ಕೊಳೆತ ವಾಸನೆ. ನಾನು ಮೂಲೆ ಹಿಡಿದು ಕೂತು ಗೋಡೆಗೆ ತಲೆ ಒತ್ತಿಕೊಂಡಿದ್ದೆ. ಯಾವ ತಮಾಷೆಯೂ ಹೊಳೆಯಲಿಲ್ಲ. ಅದು ನೋವಿಗಿಂತ ಹೆಚ್ಚು ಹೆದರಿಸಿತು. ಅವ್ವ ಹತ್ತಿರ ಬಂದು, "ಏನರ ಒಂದು ಅನ್ನಪ, ನನ್ನರ ಅಣಕ್ಸು" ಎಂದಳು. ಅಣಕಿಸಲಾಗಲಿಲ್ಲ. ಅವಳೇ ಚಪ್ಪಲಿ ಮೆಟ್ಟಿಕೊಂಡು ಡಾಕ್ಟರ ಹತ್ತಿರ ಕರೆದುಕೊಂಡು ಹೋದಳು.

ಡಾಕ್ಟರು ಕನ್ನಡಿ ಹಿಡಿದು ಇಣುಕಿದರು. "ಹೆಪ್ಪು ಹೋಗಿದೆ. ಎಲುಬು ಕಾಣ್ತಿದೆ. ಡ್ರೈ ಸಾಕೆಟ್ ಅಂತಾರೆ ಇದಕ್ಕೆ. ಉಗುಳಿದ್ರಾ?"

ಇಲ್ಲವೆಂದು ತಲೆಯಾಡಿಸಿದೆ.

"ಬೀಡಿ? ಗುಟ್ಕಾ?"

ಇಲ್ಲ.

"ಸ್ಟ್ರಾ?"

ಇಲ್ಲ.

"ಮತ್ತೇನ್ ಮಾಡಿದ್ರಿ?"

ನಾನು ಎರಡು ಬೆರಳು ತುಟಿಯ ಹತ್ತಿರ ಒಯ್ದು ತೋರಿಸಿದೆ. ಅವರಿಗೆ ತಿಳಿಯಲಿಲ್ಲ. ಅವ್ವ ಹೇಳಿದಳು, "ಸೀಟಿ ಹೊಡದ್ನರೀ."

ಡಾಕ್ಟರು ಕನ್ನಡಿಯನ್ನು ತಟ್ಟೆಯಲ್ಲಿಟ್ಟರು. "ಇಷ್ಟು ಜನರ ಹಲ್ಲು ತೆಗೆದಿದೀನಿ, ಸಿಳ್ಳೆ ಹಾಕಬೇಡ್ರಿ ಅಂತ ಒಬ್ಬರಿಗೂ ಹೇಳಬೇಕಾಗಿರಲಿಲ್ಲ. ಇನ್ನು ಹೇಳ್ತೀನಿ."

ಗುಂಡಿಯನ್ನು ಸಲೈನ್ ನೀರಿನಿಂದ ತೊಳೆದು ಲವಂಗದೆಣ್ಣೆಯ ಔಷಧಿ ಇರುವ ಪಟ್ಟಿಯನ್ನು ಒಳಗೆ ತುಂಬಿದರು. ಸ್ವಲ್ಪ ಹೊತ್ತಿನಲ್ಲಿ ಬಸ್ಸು ಡಿಪೋ ಸೇರಿತು. ನನ್ನ ಕಣ್ಣಲ್ಲಿ ನೀರು ಬಂತು. ಆದರೆ ಬಾಯಿ ಮಾತ್ರ ಒಂದು ಬೆರಳಿಗಿಂತ ಹೆಚ್ಚು ತೆರೆಯುತ್ತಿರಲಿಲ್ಲ. ದವಡೆಯ ಸ್ನಾಯು ಬಿಗಿದುಕೊಂಡಿದೆ, ನಿಧಾನಕ್ಕೆ ಸಡಿಲವಾಗಬೇಕು ಎಂದರು. ಪಟ್ಟಿ ಬದಲಿಸಲು ಮತ್ತೆ ಮತ್ತೆ ಬರಬೇಕು, ಬಿಸಿಬಟ್ಟೆಯ ಶಾಖ ಕೊಡಬೇಕು, ಐಸ್‌ಕ್ರೀಮ್ ಕಡ್ಡಿಗಳನ್ನು ಒಂದರ ಮೇಲೊಂದು ಜೋಡಿಸಿ ಹಲ್ಲುಗಳ ನಡುವೆ ಇಟ್ಟು, ಪ್ರತಿದಿನ ಒಂದೊಂದು ಸೇರಿಸುತ್ತ ಹೋಗಬೇಕು.

"ಅಖಾಡ?" ಎಂದು ಕೇಳಿದೆ.

"ಬಾಯೊಳಗೆ ಮೂರು ಬೆರಳು ಒಂದರ ಮೇಲೊಂದು ಹಿಡಿಸಿದ್ರೆ ಹೋಗ್ರಿ. ಇಲ್ಲದಿದ್ರೆ ಬೇರೆಯವರಿಗೆ ಬಿಡ್ರಿ."

ಬೇರೆಯವರಿಗೆ ಬಿಡುವುದು ಎಂಬ ಮಾತು ಆ ನೋವಿಗಿಂತ ಕೆಟ್ಟದಾಗಿತ್ತು. ಒಮ್ಮೆ ಬಿಟ್ಟರೆ ಮೈಕು ಮರಳಿ ಬರುವುದಿಲ್ಲ. ಐಸ್‌ಕ್ಯಾಂಡಿ ಮಾರುವ ಕಡೆಯೆಲ್ಲ ಸುತ್ತಿ ಕಡ್ಡಿ ತಂದೆ. ಗಂಟೆಗಟ್ಟಲೆ ಬಾಯಿಗೆ ಕಡ್ಡಿಕಟ್ಟು ಸಿಕ್ಕಿಸಿಕೊಂಡು ಕೂರುತ್ತಿದ್ದೆ. ನೋಡಿದವರು ಹೊಸ ಹರಕೆಯೋ ಎಂದು ಕೇಳಿದರು. ಒಂದು ಕಡ್ಡಿ ಹೆಚ್ಚಾದರೆ ಮರುದಿನ ಊದಿ ಎರಡು ಕಡ್ಡಿ ಕಡಿಮೆಯಾಗುತ್ತಿತ್ತು. ಗೌಡರು ಫೋನು ಮಾಡಿದಾಗಲೆಲ್ಲ ಅವ್ವನ ಕೈಯಲ್ಲಿ ಕೊಟ್ಟು 'ರೆಡಿ ಅದಾನೆ' ಎಂದು ಹೇಳಿಸುತ್ತಿದ್ದೆ. ಅವ್ವ ಪ್ರತಿಸಲವೂ ಹೇಳಿ ಮುಗಿಸಿ ದೇವರ ಕಡೆ ತಿರುಗಿ ಕೈಮುಗಿಯುತ್ತಿದ್ದಳು.

ಹಬ್ಬದ ದಿನ ಬೆಳಿಗ್ಗೆ ಕನ್ನಡಿಯ ಮುಂದೆ ಬೆರಳಿಟ್ಟು ನೋಡಿದೆ. ಒಂದೂವರೆ. ಎರಡನೆಯದನ್ನು ತುರುಕಿ, ಮೂರನೆಯದನ್ನು ಮನಸ್ಸಿನಲ್ಲೇ ಇಟ್ಟುಕೊಂಡು ಬಸ್ ಹತ್ತಿದೆ.

ಸೊರಬ ಬಸ್ ಸ್ಟ್ಯಾಂಡಿನಲ್ಲಿ ಜಡೆಯ ಬಸ್ಸಿಗೆ ಕಾಯುವಾಗ ಅದೇ ಹಳೆಯ ಕಾಮೆಂಟ್ರಿಯವನು ಎದುರಾದ. ಅವನೂ ಹೋರಿ ನೋಡಲು ಹೊರಟಿದ್ದ. ಬಸ್ಸು ಹತ್ತಿದ ಮೇಲೆ ನನ್ನ ಪಕ್ಕದ ಸೀಟಿನಲ್ಲೇ ಕೂತ.

"ಎಂತ ಆತು ಮಾರಾಯ, ದವಡೆಲಿ ನಿಂಬೆಹಣ್ಣು ಇಟ್ಕಂಡಿದೀಯಾ?"

ನಾನು ಕೈಯಾಡಿಸಿದೆ.

"ಮಾತಾಡು ಮಾರಾಯ. ನೀನು ಸುಮ್ನಿದ್ರೆ ನಂಗೆ ಎಂತದೋ ಅನುಮಾನ."

ಮಾತಾಡಿದೆ. ಅವನ ಮುಖದಲ್ಲಿದ್ದ ನಗು ನಿಧಾನಕ್ಕೆ ಇಳಿಯಿತು. "ನಾ ಕೆಳಗೇ ನಿಂತಿರ್ತೆ. ಬೇಕಾದ್ರೆ ಕೈ ಮಾಡು" ಎಂದ. ಇವನು ನನ್ನ ಮೈಕಿಗೆ ಹೊಂಚು ಹಾಕುತ್ತಿದ್ದಾನೆ ಎಂದೇ ನನಗೆ ತೋರಿತು. ಮುಖ ತಿರುಗಿಸಿದೆ.

ಅಟ್ಟಣಿಗೆ ಹತ್ತಿದಾಗ ಜನಸಾಗರ. ಹೋರಿಗಳು ಸಾಲಾಗಿ ನಿಂತು ಗೆಜ್ಜೆ ಅಲುಗಿಸುತ್ತಿದ್ದವು. ನೋವಿನ ಮಾತ್ರೆ ನುಂಗಿ ಮೈಕು ಹಿಡಿದೆ. ನಮಸ್ಕಾರ ಎಂದೆ. ಬಾಯಿಂದ ಬಂದದ್ದು ನಾಲ್ಕು ಅಕ್ಷರದ ಗಂಜಿ. ಇಡೀ ಅಖಾಡ ಗೊಳ್ಳೆಂದಿತು. ಇವನು ಹೊಸ ವೇಷ ತಂದಿದ್ದಾನೆ, ಹಲ್ಲಿಲ್ಲದ ಮುದುಕನನ್ನು ಅಣಕಿಸುತ್ತಿದ್ದಾನೆ ಎಂದುಕೊಂಡರು. ಚಪ್ಪಾಳೆ, ಕೇಕೆ. ನನ್ನ ಜನ್ಮದಲ್ಲಿ ಅಷ್ಟು ದೊಡ್ಡ ನಗು ನನಗೆ ಸಿಕ್ಕಿರಲಿಲ್ಲ. ಒಳಗೊಳಗೆ ಹಿಗ್ಗಿದೆ ಕೂಡ. ಬಾಯಿ ಹೋದರೂ ಬದುಕಿದೆ ಎಂದುಕೊಂಡೆ.

ಮೊದಲ ಹೋರಿ ಅಂಬ್ಲಿಗೊಳ ಕಡೆಯದು, ಕಪ್ಪು, ಎತ್ತರದ್ದು. ಹೆಸರು ಕೂಗಿದೆ, ನಕ್ಕರು. ಹಗ್ಗ ಬಿಚ್ಚುವವರು ನನ್ನ ಕಡೆ ನೋಡಿದರು. ದಾರಿಯಲ್ಲಿ ಇನ್ನೂ ಜನ. ದಾರಿ ಬಿಡಿ ಎಂದೆ. ಇನ್ನೂ ಜೋರಾಗಿ ನಕ್ಕರು. ಮುಂದೆ ನಿಂತ ಒಬ್ಬ ಅಜ್ಜನ ಬಾಯಲ್ಲಿ ನಿಜಕ್ಕೂ ಹಲ್ಲಿರಲಿಲ್ಲ. ತನ್ನನ್ನೇ ಅಣಕಿಸುತ್ತಿದ್ದೇನೆಂದು ಅವನಿಗೆ ಖುಷಿಯೋ ಖುಷಿ. ಬೊಚ್ಚುಬಾಯಿಗೆ ಬೆರಳು ತೋರಿಸುತ್ತ, ಸುತ್ತಲಿನವರಿಗೆ 'ನಾನೇ, ನಾನೇ' ಎಂಬಂತೆ ಎದೆ ತಟ್ಟಿಕೊಳ್ಳುತ್ತ, ಅವನು ನಡುದಾರಿಗೇ ಬಂದ.

ಆ ಗದ್ದಲದಲ್ಲಿ ನಾನು ಹೇಳಬೇಕಾದ್ದು ಹೇಳಿಯಾಯಿತೆಂದುಕೊಂಡು ಹೋರಿ ಹಿಡಿದವರು ಹಗ್ಗ ಬಿಚ್ಚಿದರು.

ದಾರಿ ಬಿಡಿ ಎಂದು ಅರಚಿದೆ. ಹೊಲಿಗೆ ಹಾಕಿದ್ದ ಜಾಗ ಸೀಳಿದಂತಾಯಿತು. ಜನ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಅಜ್ಜನೂ ನನ್ನನ್ನೇ ನೋಡುತ್ತ ನಗುತ್ತಿದ್ದ, ಬೆನ್ನು ಹೋರಿಯ ಕಡೆಗೆ. ನಾನು ಎಷ್ಟು ಕೂಗಿದೆನೋ ಅವನು ಅಷ್ಟೂ ನಕ್ಕ.

ಬದಿಯಿಂದ ಯಾರೋ ಹಾರಿ ಬಂದು ಅಜ್ಜನ ಪಂಚೆಯ ಚುಂಗು ಹಿಡಿದು ಎಳೆದರು. ಹೋರಿ ದಾಟಿಹೋಯಿತು. ಅಜ್ಜನ ರುಮಾಲು ಗೊರಸಿನಡಿ ಸಿಕ್ಕಿ ಮಣ್ಣಾಗಿ ಬಿದ್ದಿತ್ತು. ಅಜ್ಜ ಕೂತಲ್ಲೇ ಮೊಣಕಾಲು ನೋಡಿಕೊಳ್ಳುತ್ತಿದ್ದ. ಎಳೆದವನು ಸೊರಬದ ಆ ಕಾಮೆಂಟ್ರಿಯವನು. ಅಖಾಡದಲ್ಲಿ ಈಗ ಯಾರೂ ನಗುತ್ತಿರಲಿಲ್ಲ.

ಎರಡನೇ ಹೋರಿಯನ್ನು ಸಾಲಿನ ಮುಂದಕ್ಕೆ ತರುತ್ತಿದ್ದರು. ಮೈಕು ಇನ್ನೂ ನನ್ನ ಕೈಯಲ್ಲೇ ಇತ್ತು. ಇದನ್ನು ಕೊಟ್ಟರೆ ಹೋಯಿತು ಎಂದು ಗೊತ್ತಿತ್ತು. ಇಟ್ಟುಕೊಂಡರೆ ಏನು ಹೋಗುತ್ತದೆಂದು ಆಗಷ್ಟೇ ನೋಡಿದ್ದೆ. ಕೈ ಮಾಡಿ ಅವನನ್ನು ಕರೆದೆ. ಅವನು ಏಣಿ ಹತ್ತಿ ಬಂದ. ಮೈಕು ಕೊಟ್ಟೆ.

ಅವನು ಮೈಕನ್ನು ಬಾಯಿಗೆ ಹಿಡಿದು ಸಾದಾ ದನಿಯಲ್ಲಿ, "ದಾರಿ ಬಿಡಿ. ಹೋರಿ ಬರ್ತಾ ಇದೆ" ಎಂದ. ಜನ ಬೈತಲೆ ತೆಗೆದ ಹಾಗೆ ಎರಡು ಪಾಲಾದರು.

ನಾನು ಕೆಳಗಿಳಿದು ಸಂಜೆಯವರೆಗೆ ದಾರಿಯ ಬದಿಯಲ್ಲಿ ಎರಡು ಕೈ ಚಾಚಿ ಜನರನ್ನು ಹಿಂದಕ್ಕೆ ತಳ್ಳುತ್ತ ನಿಂತೆ. ಪ್ರತಿ ಹೋರಿಯೂ ಮೊಳದಂತರದಲ್ಲಿ ಹಾದುಹೋಯಿತು. ಮೇಲಿಂದ ನೋಡುವಾಗ ಅದು ಬರೀ ಹೆಸರು. ಕೆಳಗೆ ನಿಂತರೆ ಅದು ಬಿಸಿಯುಸಿರು, ನೆಲದ ನಡುಕ. ಒಂದೊಂದು ಸಲವೂ ಅಜ್ಜನ ಬೆನ್ನು ಕಣ್ಣಿಗೆ ಬಂತು.

ಮುಗಿದ ಮೇಲೆ ಅಜ್ಜ ನನ್ನನ್ನು ಹುಡುಕಿಕೊಂಡು ಕುಂಟುತ್ತ ಬಂದ. ಮೊಣಕಾಲಿಗೆ ಪಟ್ಟಿ. ಬೈಯುತ್ತಾನೆಂದು ತಲೆ ತಗ್ಗಿಸಿದೆ. ಅವನು ನನ್ನ ಭುಜ ತಟ್ಟಿ, "ಭಾರಿ ಮಾಡ್ದೆ ಕಣಾ. ನನ್ ಥರಾನೇ ಮಾತಾಡ್ದೆ" ಎಂದ. ತಪ್ಪಾಯಿತು ಅಜ್ಜ ಎಂದು ಹೇಳಲು ಬಾಯಿ ತೆರೆದೆ. ಬಂದದ್ದು ಅದೇ ಗಂಜಿ. ಅಜ್ಜ ಕಣ್ಣಲ್ಲಿ ನೀರು ಬರುವಷ್ಟು ನಕ್ಕು, "ನೋಡ್ರೋ, ಇನ್ನೂ ಬಿಟ್ಟಿಲ್ಲ" ಎಂದು ಉಳಿದವರನ್ನು ಕರೆದ.

ಹಲ್ಲಿನ ಗುಂಡಿ ತುಂಬಲು ಬಹಳ ದಿನ ಹಿಡಿಯಿತು. ಪಟ್ಟಿ ಬದಲಾಯಿತು, ಕಡ್ಡಿಗಳು ಹೆಚ್ಚಾದವು, ಒಂದು ಬೆಳಿಗ್ಗೆ ಮೂರು ಬೆರಳೂ ಬಾಯೊಳಗೆ ಹಿಡಿಸಿದವು. ಬಲಗಡೆ ಇನ್ನೊಂದು ಹಲ್ಲು ಮಲಗಿದೆಯಂತೆ, ಅದು ಏಳುವವರೆಗೆ ನಾನೂ ಸುಮ್ಮನಿದ್ದೇನೆ.

ಮತ್ತೊಂದು ಊರಿನವರು ಆ ನಗು ನೆನಪಿಟ್ಟುಕೊಂಡೇ ನನ್ನನ್ನು ಕರೆಸಿದರು. ಅಟ್ಟಣಿಗೆ ಹತ್ತಿ, ಸ್ಪಷ್ಟವಾದ ದನಿಯಲ್ಲಿ, ಒಂದು ಅಕ್ಷರವೂ ಕದಡದಂತೆ 'ದಾರಿ ಬಿಡಿ' ಎಂದೆ. ಮುಂದಿನ ಸಾಲಿನವರು ಅಲ್ಲೇ ನಿಂತು, ಇನ್ನೇನು ಬರುತ್ತದೆ ಎಂದು ನಗಲು ತಯಾರಾಗಿ ನನ್ನ ಮುಖ ನೋಡಿದರು. ಇನ್ನೊಮ್ಮೆ ಹೇಳಿದೆ. ಒಬ್ಬ ಆಗಲೇ ಕಿಸಕ್ಕೆಂದ.

ಹಗ್ಗ ಬಿಚ್ಚಬೇಡಿ ಎಂದು ಕೈ ಎತ್ತಿ ನಿಲ್ಲಿಸಿದೆ. ಸೊರಬದವನಿಗೆ ಫೋನು ಹಚ್ಚಿದೆ. ಅವನು ಬರುವವರೆಗೆ ಒಂದು ಹೋರಿಯನ್ನೂ ಬಿಡಗೊಡಲಿಲ್ಲ, ಎಷ್ಟು ಬೈದರೂ. ಅಂದಿನಿಂದ ಅಟ್ಟಣಿಗೆಯ ಮೇಲೆ ನಾವಿಬ್ಬರು. ಹೆಸರು ನಾನು ಕೂಗುತ್ತೇನೆ, ನಗಿಸುವುದೂ ನಾನೇ. ಹಗ್ಗಕ್ಕೆ ಕೈ ಹೋದ ಕೂಡಲೇ ಮೈಕನ್ನು ಅವನ ಕೈಗೆ ಕೊಟ್ಟು ಬಾಯಿ ಮುಚ್ಚಿಕೊಳ್ಳುತ್ತೇನೆ.